ಹಿಂದಿರುಗಿ ನೋಡಿದ ದಳವಾಯಿ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ನಾಟಕಕ್ಕೆ ನನ್ನನ್ನು ಮುದಿ ರಾಜನನ್ನಾಗಿ ಮಾಡಿದರು. ಮುದಿತನಕ್ಕೆ ಮೇಕಪ್ ಬೇಕಿರಲಿಲ್ಲ, ಮೀಸೆಯೊಂದು ಸಾಕಿತ್ತು. ಮೇಕಪ್ಪಿನವನು ಮೂಗಿನ ಕೆಳಗೆ ಗೋಂದು ಸವರಿದ್ದೇ ತಡ, ಆ ಸ್ಪಿರಿಟ್ ವಾಸನೆಗೆ ನನ್ನ ಎರಡೂ ಕೈ ತಾವಾಗಿಯೇ ಕಂಕುಳಲ್ಲಿ ಅವಿತುಕೊಂಡವು. "ಏನ್ ಸಾರ್, ಸ್ಟೇಜ್ ಭಯಾನಾ?" ಎಂದ. ಹೂಂ ಎಂದೆ. ಯಾವ ಸ್ಟೇಜು ಎಂದು ಅವನು ಕೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದಲ್ಲಿ ಕೆಲಸಕ್ಕೆ ಸೇರಿದೆ. ಆಗಿನ ಪೀಣ್ಯ ಅಂದರೆ ಒಂದು ಶೆಡ್ಡು, ಒಂದು ರಾಗಿ ಹೊಲ, ಆಮೇಲೆ ಇನ್ನೊಂದು ಶೆಡ್ಡು. ನಮ್ಮದು ತಗಡಿಗೆ ಅಚ್ಚು ಒತ್ತುವ ಸಣ್ಣ ಕಾರ್ಖಾನೆ. ಒಂದೊಂದು ಪ್ರೆಸ್ಸಿಗೂ ಇಬ್ಬರು. ನಾನು ತಗಡನ್ನು ಅಚ್ಚಿನ ಮೇಲೆ ಕೂರಿಸಿ, ಕೈ ಹೊರಗೆ ತೆಗೆದು "ಒತ್ತು" ಎನ್ನಬೇಕು. ಎದುರಿಗಿದ್ದವನು ಪೆಡಲ್ ತುಳಿಯಬೇಕು. "ತಡಿ" ಎಂದರೆ ತುಳಿಯಕೂಡದು. ನನ್ನ ಹತ್ತು ಬೆರಳೂ ಈ ಎರಡು ಮಾತನ್ನೇ ನಂಬಿಕೊಂಡಿದ್ದವು. ಎದುರಿಗಿದ್ದವನು ಮಾಗಡಿ ಕಡೆಯ ಗಂಗಾಧರ.

ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಹಿಂದಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪ್ರೆಸ್ಸಿನ ಸದ್ದು ಕೇಳಿ ಕೇಳಿಯೇ ಹೋಗಿತ್ತಂತೆ. ಕ್ಯಾಂಟೀನಿನಲ್ಲಿ ಒಮ್ಮೆ ಹಿಂದಿನಿಂದ ಟೀ ಬೇಕಾ ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ಬೈದಾಗ ನನಗೆ ಗೊತ್ತಾಯಿತು. ಅವನು ನನ್ನನ್ನು ಮೂಲೆಗೆ ಎಳೆದುಕೊಂಡು ಹೋದ. "ತುಟಿ ನೋಡಿದ್ರೆ ಎಲ್ಲಾ ತಿಳೀತದೆ ಕಣ್ಲಾ. ಯಾರ್‌ಗೂ ಏಳ್‌ಬ್ಯಾಡ. ಇನ್ನೆರಡು ತಿಂಗ್ಳಿಗೆ ಪರ್ಮನೆಂಟ್ ಆಯ್ತದೆ" ಎಂದ. ನಾನು ಹೇಳಲಿಲ್ಲ. ಕೆಲಸದ ಹೊತ್ತೆಲ್ಲ ಅವನ ಕಣ್ಣು ನನ್ನ ತುಟಿಯ ಮೇಲೇ. ಕಟ್ಟಿಕೊಂಡ ಹೆಂಡತಿಯೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ನಮ್ಮ ಸೂಪರ್‌ವೈಸರ್‌ಗೆ ನಾಟಕದ ಹುಚ್ಚು. ವಾರ್ಷಿಕೋತ್ಸವಕ್ಕೆಂದು ತಾವೇ ಒಂದನ್ನು ಬರೆದರು. ನಾನು ಪಾಳೇಗಾರ, ಗಂಗಾಧರ ನನ್ನ ಜೀವದ ಗೆಳೆಯ ದಳವಾಯಿ. ಕೋಟೆಗೆ ಮುತ್ತಿಗೆ ಬಿದ್ದಿದೆ. ದಳವಾಯಿ ಒಬ್ಬನೇ ಬೆಟ್ಟದ ಗವಿಗೆ ಹೋಗಿ ಮಂತ್ರದ ಕತ್ತಿ ತರಬೇಕು. ಹೋಗುವಾಗ ಹಿಂದಿರುಗಿ ನೋಡಿದರೆ ಕಲ್ಲಾಗಿಬಿಡುತ್ತಾನೆ. ಬೀಳ್ಕೊಡುವ ಸಂಕಟ ತಾಳಲಾರದೆ ಪಾಳೇಗಾರ "ಗೆಳೆಯಾ" ಎಂದು ಮೂರು ಸಲ ಕೂಗುತ್ತಾನೆ. ದಳವಾಯಿ ಬೆನ್ನು ಹಾಕಿಕೊಂಡೇ ಮೂರು ಸಲವೂ "ಇದ್ದೇನೆ ದೊರೆ" ಎನ್ನಬೇಕು. "ಅಳೋ ಅಂದ್ರೆ ನೆಗಡಿ ಬಂದೋನ್ ಥರ ಆಡ್ತೀಯಲ್ಲೋ" ಎಂದು ಸೂಪರ್‌ವೈಸರ್ ದಿನವೂ ನನಗೆ ಮಂಗಳಾರತಿ ಮಾಡುತ್ತಿದ್ದರು.

ಬೆನ್ನು ಹಾಕಿದವನಿಗೆ ತುಟಿ ಕಾಣುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೆವು. ಕ್ಯಾಂಟೀನಿನ ಬೆಂಚುಗಳ ಮೇಲೆ ಹಲಗೆ ಹಾಸಿ ಅಭ್ಯಾಸ ನಡೆಯುತ್ತಿತ್ತು. ಕೂಗುವಾಗ ನಾನು ಹಿಮ್ಮಡಿಯಿಂದ ಹಲಗೆಯನ್ನು ಗುದ್ದುತ್ತಿದ್ದೆ, ಆ ಅದುರು ಅವನ ಬರಿಗಾಲಿಗೆ ತಿಳಿಯುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ.

ನಾಟಕ ಶನಿವಾರ ಮಧ್ಯಾಹ್ನ. ಅಂದೂ ಇದೇ ಸ್ಪಿರಿಟ್ ಗೋಂದಿನಲ್ಲಿ ನನಗೆ ಮೀಸೆ ಅಂಟಿಸಿದ್ದರು. ಜನ ಜಾಸ್ತಿ ಬಂದರೆಂದು, ಲಾರಿಗೆ ಮಾಲು ತುಂಬುವ ಕಟ್ಟೆಯನ್ನೇ ರಂಗ ಮಾಡಿಬಿಟ್ಟಿದ್ದರು. ಕಾಲಿಟ್ಟ ಮೇಲಷ್ಟೇ ನನಗೆ ಗೊತ್ತಾಯಿತು. ಅದು ಸಿಮೆಂಟಿನ ಕಟ್ಟೆ, ಗುದ್ದಿದರೆ ಅದುರದು. ಗಂಗಾಧರ ಆಗಲೇ ಆ ತುದಿಯಿಂದ ಮಾತು ಶುರುಮಾಡಿದ್ದ.

ಆ ಗಳಿಗೆ ಬಂತು. ಅವನು ಬೆನ್ನು ತಿರುಗಿಸಿ ನಡೆದ. "ಗೆಳೆಯಾ" ಎಂದು ಕೂಗಿ ಗುದ್ದಿದೆ, ನನ್ನ ಹಿಮ್ಮಡಿಯೇ ನೊಂದಿತು. ಉತ್ತರವಿಲ್ಲ. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು ಕೂತಿದ್ದಾರೆ. ಇನ್ನೊಮ್ಮೆ ಕೂಗಿದೆ. ಮೂರನೆಯ ಸಲ ಗಂಟಲು ಹರಿಯುವಂತೆ ಅರಚಿದೆ. ಇಷ್ಟು ಹೊತ್ತಾದರೂ ಅದುರು ಬರಲಿಲ್ಲವಲ್ಲ ಎಂದು ಅವನಿಗೂ ಹೊಳೆದಿರಬೇಕು. ನಿಂತ. ತಿರುಗಿ ನನ್ನ ತುಟಿ ನೋಡಿದ. ನೋಡಿದ ಮೇಲೆ ಶಾಪ ನೆನಪಾಯಿತು. ಕೈ ಚಾಚಿದವನು ಹಾಗೆಯೇ ಕಲ್ಲಾಗಿ ನಿಂತುಬಿಟ್ಟ, ರೆಪ್ಪೆಯೂ ಆಡಲಿಲ್ಲ. ನಾನು ಓಡಿಹೋಗಿ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಜನರೂ ಅತ್ತರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೂಪರ್‌ವೈಸರ್ ಅಂತೂ ತಾವು ಬರೆದದ್ದೇ ಹಾಗೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಗುಟ್ಟು ಯಾರಿಗೂ ತಿಳಿಯಲಿಲ್ಲ.

ತಿಳಿಸಿದವನು ನಾನು.

ಸೋಮವಾರ ಪ್ರೆಸ್ಸಿನ ಮುಂದೆ ನಿಂತರೆ ಅಚ್ಚಿನೊಳಗೆ ಕೈ ಇಡಲು ಧೈರ್ಯವೇ ಬರಲಿಲ್ಲ. ಅವನು ಎಂದಿನಂತೆ ನನ್ನ ತುಟಿಯನ್ನೇ ನೋಡುತ್ತಿದ್ದ. ಆದರೆ ನನಗೆ ಕಾಣುತ್ತಿದ್ದುದು ಆ ಬೆನ್ನು. ಒಂದು ನೊಣ ಕೂತು, ಒಂದು ಕ್ಷಣ ಅವನ ಕಣ್ಣು ಆಚೆ ಹೋದರೆ? "ತಡಿ" ಎಂದು ನಾನು ಎಷ್ಟು ಅರಚಿದರೆ ಏನು ಬಂತು? ಊಟಕ್ಕೆ ಕೂತರೆ ನನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದೆ. ಬುಧವಾರ ಸಾಹೇಬರ ಹತ್ತಿರ ಹೋದೆ. ಬೇರೆ ಪ್ರೆಸ್ಸಿಗೆ ಹಾಕಿ ಎಂದಷ್ಟೇ ಕೇಳಬೇಕೆಂದಿದ್ದೆ. "ಯಾಕಯ್ಯಾ?" ಎಂದರು. ಹೇಳಿಬಿಟ್ಟೆ. ಹೆದರಿಕೆಗೆ ಹೇಳಿದೆ, ಬೇರೆ ಯಾವ ಕಾರಣವೂ ಇಲ್ಲ.

ಅವರು ಗಂಗಾಧರನ ಹಿಂದೆ ನಿಂತು ಹೆಸರು ಹಿಡಿದು ಕರೆದು ನೋಡಿದರು. ವಾರದ ಕೊನೆಗೆ ಅವನನ್ನು ಕೆಲಸದಿಂದ ತೆಗೆದರು.

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. "ಯಾರ್ ಏಳಿರ್ಬೋದ್ಲಾ ಸಾಹೇಬ್ರಿಗೆ?" ಎಂದ. ಸುಳ್ಳು ಹೇಳುವವರು ಮುಖ ಆಚೆ ತಿರುಗಿಸಿಕೊಳ್ಳಬಹುದು. ಅವನೆದುರು ನನಗೆ ಆ ಅನುಕೂಲವೂ ಇರಲಿಲ್ಲ, ತುಟಿ ತೋರಿಸಲೇಬೇಕು. "ಗೊತ್ತಿಲ್ಲ ಕಣೋ" ಎಂದೆ. ಮಾತು ಮುಗಿದ ಮೇಲೂ ಅವನು ನನ್ನ ತುಟಿ ನೋಡುತ್ತಲೇ ಇದ್ದ. ಆಮೇಲೆ ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಮ್ಮೆ ಒತ್ತಿದ.

"ಓಗ್ಲಿ ಬುಡು. ಕೈ ಜ್ವಾಪಾನ ಕಣ್ಲಾ."

ಬಸ್ಸು ಬಂತು, ಹತ್ತಿ ಹೋದ.

ಅಪಾರ್ಟ್‌ಮೆಂಟಿನ ನಾಟಕ ಮುಗಿದ ಮಾರನೆಯ ದಿನ, ಇಷ್ಟು ವರ್ಷ ಮಾಡದ ಕೆಲಸ ಮಾಡಿದೆ. ಮಾಗಡಿ ಕಡೆಯವರನ್ನು ವಿಚಾರಿಸಿದೆ. ಇದ್ದಾನಂತೆ, ಊರಲ್ಲೇ ಇದ್ದಾನಂತೆ. ಅವನ ಸೊಸೆಯ ಫೋನ್ ನಂಬರ್ ಸಿಕ್ಕಿದೆ. ಆದರೆ ಇದು ಫೋನಿನಲ್ಲಿ ಆಗುವ ಕೆಲಸವಲ್ಲ, ಸೊಸೆಯ ಬಾಯಲ್ಲಿ ಹೇಳಿಸುವ ಮಾತೂ ಅಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಬೆಳಕಿರುವ ಕಡೆ ಅವನೆದುರು ನಿಂತು, ನಿಧಾನವಾಗಿ ತುಟಿಯಾಡಿಸಿ "ನಾನೇ ಕಣೋ ಹೇಳಿದ್ದು" ಎನ್ನಬೇಕು. ಅವನಿಗೆ ಅದು ಅಂದೇ ಗೊತ್ತಿತ್ತು. ಆದರೂ, ಸುಳ್ಳು ಯಾಕೆ ಹೇಳಲಿ, ಆ ಮೂರು ಮಾತನ್ನು ಬೆಳಗಿನಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ.