ತೆಂಗಿನತುರಿ ತಿನ್ನುವ ಶಾಬಾ

ಲಾಮು ದ್ವೀಪದಲ್ಲಿ ಕೂಸಿ ಎಂಬ ತೆಂಕಣ ಗಾಳಿ ಜೋರಾದರೆ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಮುದುಕಿ ಮ್ವಾನಾಶಾ ತುರಿಮಣೆ ಮೇಲೆ ಕೂತಳೆಂದರೆ, ಅವಳ ಬೆಕ್ಕು ಶಾಬಾ ಉದುರಿದ ತೆಂಗಿನತುರಿ ಮೆದ್ದು ಸುಲ್ತಾನನಂತೆ ಮಡಿಲಲ್ಲಿ ಮಲಗುತ್ತಿತ್ತು.

"ಮೀನಿನ ಕಾಲ ಬರ್ಲಿ ಅಜ್ಜಿ, ನಿನ್ನ ಸುಲ್ತಾನ ನಮ್ಮನೆ ಸೇರ್ತಾನೆ," ಎಂದು ಪಕ್ಕದ ಮನೆಯ ಬೆಸ್ತ ಅಥ್ಮಾನಿ ಅಣಕಿಸಿದ.

"ಹೋದ್ರೆ ಹೋಗ್ಲಿ ಬಿಡೋ!" ಎಂದಳು ಅಜ್ಜಿ. ಆದರೂ ಶಾಬಾನ ಮುಂದೆ ಇನ್ನೊಂದು ಹಿಡಿ ತುರಿ ಉದುರಿಸಿದಳು.

ಗಾಳಿ ತಿರುಗಿ ಮೊದಲ ದೋಣಿ ಬಂದ ದಿನ ಶಾಬಾ ಬೆಳಗ್ಗೆಯೇ ಕಾಣೆಯಾಯಿತು. ಸಂಜೆ ಹೊತ್ತಿಗೆ ದೊಡ್ಡ ಮೀನೊಂದನ್ನು ಕಚ್ಚಿಕೊಂಡು ಬಂತು. ಬೆಕ್ಕು ಹೊಸ್ತಿಲು ದಾಟಿದರೂ ಮೀನಿನ ಬಾಲ ಇನ್ನೂ ಓಣಿಯ ತಿರುವಿನಲ್ಲೇ ಇತ್ತಂತೆ! ಅದನ್ನು ಅಜ್ಜಿಯ ಕಾಲಬಳಿ ಹಾಕಿ ಕೂತಿತು.

"ಅಜ್ಜೀ, ಅದು ನನ್ ಮೀನು!" ಎಂದು ಅಥ್ಮಾನಿ ಓಡಿಬಂದ.

"ಕೂತ್ಕೊಳ್ಳೋ, ಉಂಡ್ಕೊಂಡೇ ಹೋಗು. ಈಗ ನಮ್ಮನೇಲೂ ದುಡಿದು ತರೋ ಗಂಡಸಿದಾನೆ!" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಹೇಳಿದಳು.