ಪಾಪು ಮಲಗಿದ್ದಾಗ ಒಡೆದ ಪೈಪು

ಆ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಬೇಕಾದಷ್ಟು ಜನ ಇದ್ದರು. ಆದರೆ ಓನರಮ್ಮ ಎಂಬ ಹೆಸರು ಅಂಟಿಕೊಂಡಿದ್ದು ಒಬ್ಬರಿಗೆ ಮಾತ್ರ. ಕೆಳಗಿನ ಮನೆಗೆ ಯಾರೇ ಬರಲಿ, ಬೀಗದ ಕೈ ಕೊಡುವ ಮೊದಲು ಓನರಮ್ಮ ಅವರನ್ನು ತಾರಸಿಗೆ ಹತ್ತಿಸುತ್ತಿದ್ದರು. ನೀರಿನ ಟ್ಯಾಂಕಿನ ಬುಡದಲ್ಲಿದ್ದ ನೀಲಿ ವಾಲ್ವನ್ನು ತೋರಿಸಿ ಹೇಳುತ್ತಿದ್ದರು:

"ಎಲ್ಲಾದ್ರೂ ಪೈಪ್ ಒಡೀತು ಅನ್ಕೊಳ್ಳಿ, ನನ್ನ ಕೂಗ್ತಾ ನಿಲ್ಬೇಡಿ. ಸೀದಾ ಇಲ್ಲಿಗೆ ಓಡಿ ಬನ್ನಿ. ಇದನ್ನ ಬಲಕ್ಕೆ ತಿರುಗಿಸಿದ್ರೆ ಮುಗೀತು."

ಬಂದವರು ತಲೆಯಾಡಿಸುತ್ತಿದ್ದರು. ಅದನ್ನು ಯಾರೂ ತಿರುಗಿಸಿ ನೋಡಿರಲಿಲ್ಲ, ಓನರಮ್ಮನೂ ಸೇರಿ. ಚೆನ್ನಾಗಿರುವುದನ್ನು ಯಾಕೆ ಕೆಣಕಬೇಕು?

ವಾಲ್ವ್ ನೋಡಲು ಚೆನ್ನಾಗಿಯೇ ಇತ್ತು. ಓನರಮ್ಮನ ಯಜಮಾನರು ಬದುಕಿಡೀ ದೊಡ್ಡ ಕಟ್ಟಡಗಳಿಗೆ ಬಣ್ಣ ಬಳಿದವರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಪ್ರತಿ ವರ್ಷ ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ ಎಲ್ಲ ಮುಗಿಸಿ, ಡಬ್ಬದ ತಳದಲ್ಲಿ ಉಳಿದದ್ದನ್ನು ವಾಲ್ವಿಗೆ ಬಳಿಯುತ್ತಿದ್ದರು. ಅಲ್ಲಾಡದ ವಸ್ತು ಕಂಡರೆ ಅವರಿಗೆ ಬ್ರಷ್ ನೆನಪಾಗುತ್ತಿತ್ತು. ಸಾರುವೆಯ ಮೇಲಿಂದ ಕೆಳಗಿದ್ದವರನ್ನು ಕೂಗಿ ಕೂಗಿ ಅವರ ಗಂಟಲು ಮೆತ್ತಗಾಗುವುದನ್ನೇ ಮರೆತಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರುಮನೆಯವರು ತಂದುಕೊಡಬೇಕು, ಅಂಥ ಗಂಟಲು.

ಆಗ ಕೆಳಗಿನ ಮನೆಯಲ್ಲಿ ಇದ್ದದ್ದು ಎಳೆಯ ಗಂಡ ಹೆಂಡತಿ, ಜೊತೆಗೊಂದು ಕೈಗೂಸು. ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಪಾಪುವಿಗೆ ಹಲ್ಲು ಬರುತ್ತಿತ್ತು. ವಾರದಿಂದ ಅದು ನೆಟ್ಟಗೆ ಮಲಗಿರಲಿಲ್ಲ, ತಾಯಿಯನ್ನು ಮಲಗಗೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಒಗೆದ ಬಟ್ಟೆ ತರಲು ಓನರಮ್ಮ ಕೆಳಗಿಳಿದರೆ, ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಅಳುತ್ತಿದ್ದಾಳೆ.

"ಏನಾಯ್ತಮ್ಮ?"

"ಹಾಲು ಉಕ್ಕೋಯ್ತು ಆಂಟಿ."

"ಅಷ್ಟಕ್ಕೆ ಅಳ್ತಾರಾ?"

"ಉಕ್ಕಿದ್ದಕ್ಕಲ್ಲ. ನಾನು ಅದರ ಮುಂದೇನೇ ನಿಂತಿದ್ದೆ. ಉಕ್ಕೋದನ್ನ ನೋಡ್ತಾನೇ ಇದ್ದೆ."

ಓನರಮ್ಮನಿಗೆ ಅರ್ಥವಾಯಿತು. ಅವರ ಮಗಳು ಹೀಗೇ ಕೈಗೂಸಾಗಿದ್ದಾಗ ಅವರೂ ಬಾಡಿಗೆ ಮನೆಯಲ್ಲಿದ್ದವರು. ಆ ಮನೆಯ ಒಡತಿಗೆ ಒಂದು ವಿಶೇಷ ಶಕ್ತಿ ಇತ್ತು. ಮಗುವಿನ ಕಣ್ಣು ಮುಚ್ಚಿದ ಮರುಗಳಿಗೆ ಆಕೆ ಬಾಗಿಲು ಬಡಿಯುತ್ತಿದ್ದಳು. ಒಮ್ಮೆ ಒರಳು ಬೇಕು, ಒಮ್ಮೆ ಗೋಡೆಯಲ್ಲಿ ಮೊಳೆ ಹೊಡೆದಿದ್ದೀರಾ ನೋಡಬೇಕು. ನನಗೂ ಒಂದು ಮನೆ ಅಂತಾದರೆ ಮಲಗಿದವರನ್ನು ಎಬ್ಬಿಸುವುದಿಲ್ಲ ಎಂದು ಓನರಮ್ಮ ಅಂದೇ ಹಲ್ಲು ಕಚ್ಚಿ ತೀರ್ಮಾನಿಸಿದ್ದರು.

"ಒಲೆ ನಾನು ಒರೆಸ್ತೀನಿ. ನೀನು ಪಾಪೂನ ಹಾಕ್ಕೊಂಡು ಮಲಗು. ನಾನು ಇಲ್ಲೇ ವರಾಂಡದಲ್ಲಿ ಕೂತಿರ್ತೀನಿ. ನೀನಾಗೇ ಏಳೋವರೆಗೂ ನಿನ್ನ ಯಾರೂ ಎಬ್ಬಿಸಲ್ಲ. ಇದು ನನ್ನ ಮಾತು."

ಹುಡುಗಿ ನೆಲದ ಹಾಸಿಗೆಯ ಮೇಲೆ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಉರುಳಿದಳು. ಫ್ಯಾನಿನ ಜೋಗುಳದಲ್ಲಿ ಇಬ್ಬರೂ ಒಟ್ಟಿಗೇ ನಿದ್ದೆಹೋದರು. ಓನರಮ್ಮ ಒಲೆ ಒರೆಸಿ, ಕರೆಗಂಟೆಯ ಸ್ವಿಚ್ ಆರಿಸಿ, ವರಾಂಡದಲ್ಲಿ ಕುರ್ಚಿ ಹಾಕಿ ಕೂತರು. ತರಕಾರಿಯವನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಅಟ್ಟಿದರು.

ಪೈಪು ಒಡೆದಿದ್ದು ಆಗ.

ಅಡುಗೆಮನೆಯಿಂದ ಬಿಸಿ ಎಣ್ಣೆಗೆ ಏನೋ ಬಿದ್ದಂಥ ಸದ್ದು ಬಂತು. ಓನರಮ್ಮ ಇಣುಕಿದರು. ಸಿಂಕಿನ ಕೆಳಗಿನ ಕನೆಕ್ಷನ್ ಪೈಪ್ ಸೀಳಿ, ನೀರು ಎದುರಿನ ಸ್ಟೀಲ್ ಪಾತ್ರೆಗಳಿಗೆ ರಪರಪ ಬಡಿಯುತ್ತಿತ್ತು. ಒದ್ದೆ ನೆಲ, ಪಕ್ಕದಲ್ಲೇ ಫ್ರಿಜ್ಜಿನ ಪ್ಲಗ್ಗು. ಮೇನ್ ಸ್ವಿಚ್ ಇಳಿಸಿದರೆ ಫ್ಯಾನ್ ನಿಲ್ಲುತ್ತದೆ, ಫ್ಯಾನ್ ನಿಂತರೆ ಪಾಪು ಏಳುತ್ತದೆ. ವರಾಂಡದ ಬೋರ್ಡಿನಲ್ಲಿ ಅಡುಗೆಮನೆಗೆ ಬೇರೆ ಸ್ವಿಚ್ ಇತ್ತು. ಅದೊಂದನ್ನೇ ಇಳಿಸಿ, ಆಮೇಲೆ ನೀರಿಗೆ ಕಾಲಿಟ್ಟರು.

ಮೊದಲು ನಿಲ್ಲಿಸಿದ್ದು ನೀರನ್ನಲ್ಲ, ಸದ್ದನ್ನು. ಒಂದು ಟವೆಲನ್ನು ಸೀಳಿಗೆ ಸುತ್ತಿ ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟರು. ನೀರು ಬಟ್ಟೆಯ ಮೇಲೆ ಜಾರಿಕೊಂಡು ಸಭ್ಯವಾಗಿ ಇಳಿಯತೊಡಗಿತು. ಆಮೇಲೆ ಸಿಂಕಿನ ಕೆಳಗಿನ ಚಿಕ್ಕ ವಾಲ್ವನ್ನು ತಿರುಗಿಸಿದರು. ಅದರ ಹಿಡಿ ಕಳಚಿ ಕೈಗೆ ಬಂತು. ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಹಡಿ ಹತ್ತಿದರು.

ಯಜಮಾನರು ಪೇಪರ್ ಓದುತ್ತಿದ್ದರು. ಓನರಮ್ಮ ಮಾತಾಡುವ ಮೊದಲು ಅವರ ಬಾಯಿಗೆ ಅಂಗೈ ಒತ್ತಿದರು. ಆ ಬಾಯಿ ಮುಚ್ಚಿಸಲು ಮದುವೆಯಾದಾಗಿನಿಂದ ನಡೆಸಿದ ಪ್ರಯತ್ನಗಳಲ್ಲಿ ಕೈ ಬಳಸಿದ್ದು ಅದೇ ಮೊದಲು.

"ಕೆಳಗೆ ಪೈಪ್ ಒಡೆದಿದೆ. ಪಾಪು ಮಲಗಿದೆ. ವಾಲ್ವ್ ನಿಲ್ಲಿಸಿ. ಉಸಿರೆತ್ತಬೇಡಿ."

ಯಜಮಾನರು ತಲೆಯಾಡಿಸಿ ತಾರಸಿಗೆ ಹೋದರು. ಓನರಮ್ಮ ಪ್ಲಂಬರ್‌ಗೆ ಫೋನ್ ಹಚ್ಚಿದರು.

"ಹಲೋ, ಯಾರು? ಜೋರಾಗಿ ಮಾತಾಡಿ!"

"ನಾನಪ್ಪ, ಓನರಮ್ಮ."

"ಯಾಕಮ್ಮ ಪಿಸುಗುಡ್ತಿದೀರ? ಮನೇಲಿ ಕಳ್ಳ ಇದಾನಾ?"

"ಕಳ್ಳ ಅಲ್ಲ, ನೀರು. ಸಿಂಕಿನ ಕನೆಕ್ಷನ್ ಪೈಪ್ ಹೋಗಿದೆ."

"ಈಗ ಬಂದೆ."

"ಬಾ. ಆದ್ರೆ ಮನೆಗೆ ಬರಬೇಡ."

"ಮತ್ತೆ ಎಲ್ಲಿಗೆ ಬರ್ಲಿ?"

"ಬೀದಿ ತುದೀಲಿ ನಿಂತಿರು. ನಿನ್ನ ಸ್ಕೂಟರ್ ಸದ್ದಿಗೆ ಸತ್ತೋರೂ ಎದ್ದು ಕೂರ್ತಾರೆ. ನಮ್ಮ ಯಜಮಾನರ ಗಂಟಲು ಕೇಳಿಸ್ದಾಗ ಬಾ."

ಅಷ್ಟರಲ್ಲಿ ಯಜಮಾನರು ಮೆಟ್ಟಿಲ ತಲೆಯಲ್ಲಿ ಕಾಣಿಸಿಕೊಂಡು, ಗಾಳಿಯಲ್ಲಿ ಏನನ್ನೋ ತಿರುಗಿಸಿ, ಆಗುವುದಿಲ್ಲ ಎಂದು ಕೈಯಾಡಿಸಿದರು. ಓನರಮ್ಮ ಹೋಗಿ ನೋಡಿದರು. ವರ್ಷ ವರ್ಷ ಬಳಿದ ಬಣ್ಣ ಸಂದುಗೊಂದುಗಳಲ್ಲೆಲ್ಲ ಇಳಿದು, ಹಿಡಿಯೂ ಮೈಯೂ ಒಂದಾಗಿ, ಅದು ವಾಲ್ವ್ ಎನ್ನುವುದಕ್ಕಿಂತ ವಾಲ್ವಿನ ವಿಗ್ರಹದಂತಿತ್ತು. ಯಜಮಾನರು ಸುತ್ತಿಗೆ ಎತ್ತಿದರು. ಓನರಮ್ಮ ಕಿತ್ತುಕೊಂಡರು.

"ಪೈಪಿಗೆ ಬಡಿದ್ರೆ ಕೆಳಗಿನ ಕೋಣೇಲಿ ಗಂಟೆ ಹೊಡೆದ ಹಾಗೆ ಕೇಳುತ್ತೆ. ಕೆತ್ತಿ."

"ಕೆತ್ತೋದಾ? ಫಿನಿಶಿಂಗ್ ಹೇಗಿದೆ ನೋಡೇ!" ಯಜಮಾನರು ಪಿಸುಗುಟ್ಟಿದರು. ಪಕ್ಕದ ತಾರಸಿಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು.

"ಕೆತ್ರೀ."

ಗೋಡೆಗೆ ಪುಟ್ಟಿ ಎಳೆಯುವ ಬ್ಲೇಡು, ಥಿನ್ನರ್ ತಂದು ಯಜಮಾನರು ತಾವು ಬಳಿದ ಬಣ್ಣವನ್ನು ತಾವೇ ಕೆರೆಯಲು ಕೂತರು. ಹಬೆಯಂತೆ ನಿಟ್ಟುಸಿರು ಬಿಡುತ್ತಿದ್ದರೂ ಕೆಲಸದ ಕೈ, ಗಡಿಬಿಡಿ ಮಾಡಲಿಲ್ಲ. ಓನರಮ್ಮನಿಗೆ ಕಾಯುವ ತಾಳ್ಮೆ ಇರಲಿಲ್ಲ. ಮಹಡಿಯ ನಲ್ಲಿಗಳನ್ನೆಲ್ಲ ತೆರೆದರು. ಹಿತ್ತಲಿಗಿಳಿದು, ಗಿಡಗಳಿಗೆ ಬಿಡುವ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಎಲ್ಲಕ್ಕಿಂತ ತಗ್ಗಿನಲ್ಲಿದ್ದ ನಲ್ಲಿ ಅದು. ನೀರಿಗೆ ಸುಲಭದ ದಾರಿ ಸಿಕ್ಕರೆ ಕಷ್ಟದ ದಾರಿ ಬಿಡುತ್ತದೆ. ಗಿಡಗಳು ಬುಡಮಟ್ಟ ಮುಳುಗಿದವು. ಅಡುಗೆಮನೆಯ ಪೈಪು ಸೊರಗಿತು.

ಆದರೆ ಆಗಲೇ ಸುರಿದಿದ್ದ ನೀರು ಮಲಗುವ ಕೋಣೆಯ ಹೊಸ್ತಿಲಿಗೆ ಬಂದುಬಿಟ್ಟಿತ್ತು. ಓನರಮ್ಮ ಕೈಗೆ ಸಿಕ್ಕ ಬಟ್ಟೆಯನ್ನು ಅಡ್ಡ ಸುರುಳಿ ಸುತ್ತಿ ಒತ್ತಿದರು. ಸಿಕ್ಕಿದ್ದು ಪಾಪುವಿನ ಒಗೆದು ಮಡಿಸಿಟ್ಟ ಲಂಗೋಟಿಗಳು. ಅವುಗಳಿಗೆ ನೀರು ಹೊಸದಲ್ಲ, ಗಟ್ಟಿಯಾಗಿ ನಿಂತವು. ಆದರೂ ಮೂಲೆಯಲ್ಲಿ ಒಂದು ಎಳೆ ನುಸುಳಿ, ನಿಧಾನವಾಗಿ ಹಾಸಿಗೆಯ ಕಡೆ ಹೊರಟಿತು. ಹುಡುಗಿಯ ಕೈ ಹಾಸಿಗೆಯಿಂದ ಜಾರಿ ನೆಲದ ಮೇಲಿತ್ತು. ನೀರು ಬೆರಳ ತುದಿಗೆ ತಾಗಿತು.

ಬೆರಳು ಅಲುಗಿತು. ಓನರಮ್ಮ ನೆಲ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ಕಲ್ಲಾದರು. ನನ್ನ ಮಾತು ಹೋಯಿತು ಎಂದುಕೊಂಡರು.

ಹುಡುಗಿ ಕಣ್ಣು ತೆರೆಯಲಿಲ್ಲ. "ಉಚ್ಚೆ ಮಾಡ್ತಾ ಪಾಪು..." ಎಂದು ಗೊಣಗಿದಳು. "ಇರ್ಲಿ ಬಿಡು, ಆಮೇಲೆ." ಕೈಯನ್ನು ಎಳೆದುಕೊಂಡು ಮಗುವಿನ ಬೆನ್ನ ಮೇಲಿಟ್ಟು ಮತ್ತೆ ನಿದ್ದೆಗೆ ಮುಳುಗಿದಳು.

ಓನರಮ್ಮ ಮಂಡಿಯೂರಿ ಆ ಎಳೆಯನ್ನು ಒರೆಸಿದರು. ಹಾಸಿಗೆ ನೆಂದಿರಲಿಲ್ಲ. ಬಟ್ಟೆ ಹಿಂಡಿದರೆ ಸದ್ದಾಗುತ್ತದೆಂದು ಪ್ರತಿ ಸಲ ಹಿತ್ತಲಿಗೆ ಹೋಗಿ ಹಿಂಡಿ ಬಂದರು. ಇಡೀ ಅಡುಗೆಮನೆ ಹಾಗೇ ಒಣಗಿತು. ಸ್ವಲ್ಪ ಹೊತ್ತಿಗೆ ಹಿತ್ತಲ ನಲ್ಲಿ ಬುಸ್ಸೆಂದು ಗಾಳಿ ಕಕ್ಕಿ ಸುಮ್ಮನಾಯಿತು. ಟ್ಯಾಂಕ್ ಖಾಲಿ.

ಅದಾದ ಮೇಲೆ ಯಜಮಾನರು ಇಳಿದುಬಂದರು. ಮುಖ ಬೆವರಿ, ಉಗುರುಗಳೆಲ್ಲ ನೀಲಿ. ಎರಡೂ ಕೈಯಲ್ಲಿ ಗಾಳಿಯಲ್ಲೇ ವಾಲ್ವ್ ತಿರುಗಿಸಿ ತೋರಿಸಿ, ಸಿಂಕಿನ ಕೆಳಗೆ ಬಗ್ಗಿ ನೋಡಿ, ಎದೆಯುಬ್ಬಿಸಿದರು. ಒಂದು ಹನಿ ಇಲ್ಲ!

ಓನರಮ್ಮ ಹಿತ್ತಲ ನಲ್ಲಿಯನ್ನು ಮೆಲ್ಲಗೆ ಮುಚ್ಚಿ ಬಂದರು.

"ನೀವಿದ್ದಿದ್ದಕ್ಕೆ ಆಯ್ತು," ಎಂದರು.

ಬಿಸಿಲು ಇಳಿದ ಮೇಲೆ ಹುಡುಗಿ ಮಗುವನ್ನೆತ್ತಿಕೊಂಡು ಹೊರಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ. ಪಾಪು ಯಾವ ಅಪರಾಧವನ್ನೂ ಅರಿಯದ ಮುಖ ಮಾಡಿಕೊಂಡು ಮುಷ್ಟಿ ಚೀಪುತ್ತಿತ್ತು.

"ಎಂಥ ನಿದ್ದೆ ಆಂಟಿ! ಲೋಕಾನೇ ಸತ್ತುಹೋದ ಹಾಗಿತ್ತು. ಏನೂ ಆಗ್ಲಿಲ್ಲ ಅಲ್ವಾ?"

"ಏನಾಗುತ್ತೆ ಮಧ್ಯಾಹ್ನದ ಹೊತ್ತು?"

"ಅಯ್ಯೋ, ಅಡುಗೆಮನೆ ನೆಲಾನೂ ಒರೆಸ್ಬಿಟ್ರಾ? ನಿಮಗ್ಯಾಕೆ ಈ ಕಷ್ಟ?"

"ಒಲೆ ಒರೆಸೋಕೆ ಹೋದೆ. ಹಾಗೇ ಮುಂದುವರೀತು."

ಹುಡುಗಿ ಮಗುವಿನ ಬಾಯಿ ತೊಳೆಯಲು ನಲ್ಲಿ ತಿರುಗಿಸಿದಳು. ನಲ್ಲಿ ಏನೂ ಹೇಳಲಿಲ್ಲ. "ಆಂಟಿ, ನೀರಿಲ್ಲ?"

"ಬರುತ್ತೆ," ಎಂದ ಓನರಮ್ಮ ಸೊಂಟದಿಂದ ವಾಲ್ವಿನ ಹಿಡಿ ತೆಗೆದು ಕಟ್ಟೆಯ ಮೇಲಿಟ್ಟು, ಮೆಟ್ಟಿಲ ಕಡೆ ಮುಖ ಮಾಡಿದರು. "ರೀ, ಇನ್ನು ಮಾತಾಡಿ."

"ಪಾಪು ಎದ್ಬಿಡ್ತಾ!" ಎಂದು ತಾರಸಿಯ ಮೇಲಿಂದ ಯಜಮಾನರು ಕೂಗಿದರು. ಅಷ್ಟು ಹೊತ್ತು ಹಿಡಿದಿಟ್ಟಿದ್ದ ಗಂಟಲು ಬೀದಿಯ ಆ ತುದಿಗೂ ಮುಟ್ಟಿತು. ಪಾಪು ಬೆಚ್ಚಿ, ತುಟಿ ಡೊಂಕು ಮಾಡಿ, ಅಳಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದುಕೊಂಡು ನಕ್ಕಿತು. ಕೆಳದವಡೆಯಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಕಂಡಿತು.

ಬೀದಿಯ ತುದಿಯಲ್ಲಿ ಸ್ಕೂಟರೊಂದು ಸ್ಟಾರ್ಟ್ ಆಯಿತು.