ಅವ್ವನ ಲಿಂಗ ಕೇಳಿದ ಮಗು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಪುನರ್ಜನ್ಮದ ಮಾತೆತ್ತಿದವರನ್ನು ಸ್ಟಾಫ್ ರೂಮಿನಲ್ಲಿ ಚೆನ್ನಾಗಿ ಗೋಳು ಹೊಯ್ದುಕೊಂಡಿದ್ದೇನೆ. ಹೋದ ಜನ್ಮದಲ್ಲಿ ಎಲ್ಲರೂ ರಾಣಿಯರೇ ಆಗಿದ್ದರೆ ಪಾತ್ರೆ ತೊಳೆದವರು ಯಾರ್ರೀ ಎಂದು ಕೇಳುತ್ತಿದ್ದೆ. ನಮ್ಮ ತಂದೆ ದಾವಣಗೆರೆ ಕಡೆಯ ಲಿಂಗಾಯತರು, ಎರಡು ಹೊತ್ತಿನ ಲಿಂಗಪೂಜೆ ಬಿಟ್ಟವರಲ್ಲ. ಅವರೂ ಮರುಜನ್ಮವನ್ನು ಒಪ್ಪುವುದಿಲ್ಲ. ಸತ್ತವರನ್ನು ನಮ್ಮಲ್ಲಿ ಲಿಂಗೈಕ್ಯರಾದರು ಎನ್ನುತ್ತೇವೆ. ಲಿಂಗದಲ್ಲಿ ಸೇರಿಹೋದವರು ಮತ್ತೆ ಹುಟ್ಟಿ ಬರುವುದೆಲ್ಲಿಂದ? ದೇವರ ವಿಷಯಕ್ಕೆ ದಿನಾ ಜಗಳವಾಡುವ ಅಪ್ಪ ಮಗಳು ಇದೊಂದರಲ್ಲಿ ಮಾತ್ರ ಒಂದೇ ಪಕ್ಷ.

ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಅವ್ವನಿಗೆ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದೆವು. ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗುವ ಮುಂಚೆ ಮೈಮೇಲಿನದನ್ನೆಲ್ಲ ತೆಗೆಯಿರಿ ಎಂದರು. ಅಪ್ಪಾಜಿ ಔಷಧಿ ತರಲು ಕೆಳಗೆ ಹೋಗಿದ್ದರು, ನರ್ಸ್ ಸ್ಟ್ರೆಚರ್ ತರಲು ಹೋಗಿದ್ದಳು. ನಾನು ಬಳೆ, ಓಲೆ ಬಿಚ್ಚಿದೆ. ಕೊರಳಿನ ಬೆಳ್ಳಿ ಕರಡಿಗೆ ತೆಗೆದು ನೋಡಿದರೆ ಅದರಲ್ಲಿ ಲಿಂಗವಿಲ್ಲ. ಅವ್ವ ಯಾವಾಗಲೋ ಅದನ್ನು ಹೊರತೆಗೆದು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಹುಟ್ಟಿದಾಗ ಕಟ್ಟಿದ ಲಿಂಗ, ಅವಳ ಮೈಬಿಟ್ಟು ಒಂದು ದಿನವೂ ದೂರವಾದದ್ದಲ್ಲ. ಸ್ಟ್ರೆಚರ್ ಬಂದೇಬಿಡುತ್ತದೆಂದು ನಾನು ಒಂದೊಂದೇ ಬೆರಳನ್ನು ಬಲವಂತವಾಗಿ ಬಿಡಿಸಿದೆ. "ಹತ್ತೇ ನಿಮಿಷ ಅವ್ವಾ, ವಾಪಸ್ ಕೊಡ್ತೀನಿ" ಎಂದೆ. ಒಳಗೆ ಹೋದ ಅವ್ವ ಜೀವಂತವಾಗಿ ಹೊರಗೆ ಬರಲಿಲ್ಲ. ಲಿಂಗವನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೆ. ಆ ಗಡಿಬಿಡಿಯಲ್ಲಿ ಡಬ್ಬಿ ಎಲ್ಲಿ ಬಿತ್ತೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಅಂಗೈಯಲ್ಲಿ ಅವರವರ ಲಿಂಗವನ್ನಿಡುತ್ತಾರೆ. ಅವ್ವನ ಕೈಗೆ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹೊಸದೊಂದನ್ನು ತಂದಿಟ್ಟರು. ಅಪ್ಪಾಜಿ ಕೇಳಿದಾಗ, ಆಸ್ಪತ್ರೆಯವರು ಕಳೆದುಬಿಟ್ಟರು ಎಂದೆ. ಅದು ಹಸಿ ಸುಳ್ಳು. "ನಿಮ್ಮವ್ವ ತನ್ನದಲ್ಲದ ಲಿಂಗ ಹಿಡ್ಕೊಂಡು ಹೋದ್ಲು ಕಣಮ್ಮ. ಅವ್ಳಿಗೆ ದಾರಿ ಸಿಕ್ತೋ ಇಲ್ವೋ" ಎಂದು ಅವರು ಊಟದ ನಡುವೆ ಕೈ ಬಿಟ್ಟು ಕೂತುಬಿಡುತ್ತಿದ್ದರು. ಆಸ್ಪತ್ರೆಯವರಿಗೆ ಶಾಪ ಹಾಕುತ್ತಿದ್ದರು. ಆ ಶಾಪ ಸೇರಬೇಕಾದವಳು ನಾನು, ಎದುರಿಗೇ ಕೂತು ಅವರಿಗೆ ಮಜ್ಜಿಗೆ ಬಡಿಸುತ್ತಿದ್ದೆ.

ನಾನು ರಿಟೈರ್ ಆದ ಮೇಲೆ ಅಪ್ಪಾಜಿಯನ್ನು ಕರೆದುಕೊಂಡು ಹೇರೋಹಳ್ಳಿಯಲ್ಲಿ ಕಟ್ಟಿಸಿದ ಮನೆಗೆ ಬಂದೆ. ಪಕ್ಕದ ಮನೆಯ ಗೌರಮ್ಮನವರು ಆ ಊರಿನ ಹಳಬರು. ನಮ್ಮ ಸೈಟು ಒಂದು ಕಾಲಕ್ಕೆ ಅವರ ರಾಗಿ ಹೊಲ. ಅವರ ಮೊಮ್ಮಗಳು ಚಿನ್ನಿ ನಮ್ಮವ್ವ ಹೋದ ಮರುವರ್ಷ ಹುಟ್ಟಿದವಳು. ಇಷ್ಟಲಿಂಗವೆಂದರೇನು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪಾಜಿ ಬಾಗಿಲು ಹಾಕಿಕೊಂಡು ಮಾಡುವ ಪೂಜೆಯನ್ನು ಅವರು ನೋಡಿದವರೂ ಅಲ್ಲ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಗೌರಮ್ಮ ಅವರೆಕಾಳಿನ ಉಪ್ಪಿಟ್ಟು ತಂದರು. ಜೊತೆಗೆ ಚಿನ್ನಿ, ಆಗ ಅವಳಿಗೆ ನಾಲ್ಕು ವರ್ಷ. ನಾವು ಮಾತಾಡುತ್ತಿದ್ದಂತೆ ಅವಳು ಪೂಜೆ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಹಿಂದೆಯೇ ಓಡಿದೆ. ಅಪ್ಪಾಜಿ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಚಿನ್ನಿ ಅವರ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ತಾನೂ ಎಡಗೈ ಚಾಚಿದಳು. ಆಮೇಲೆ ತಲೆಯೆತ್ತಿ ನೋಡಿದ್ದು ಅವರನ್ನಲ್ಲ, ನನ್ನನ್ನು.

"ನಂದು ಕೊಡು. ಹತ್ತು ನಿಮಿಷ ಅಂದೆ, ಕೊಡ್ಲೇ ಇಲ್ಲ ನೀನು."

ಹಿಂದಿನಿಂದ ಗೌರಮ್ಮ ನಕ್ಕರು. "ಮೊಬೈಲ್ ಕಣ್ ಮೇಡಮ್ಮು. ಹತ್ ನಿಮಿಷ ಕೊಡ್ತೀನಿ ಅಂತ ಅವ್ರಮ್ಮ ಯಾವಾಗ್ಲೂ ಅಂತಿರ್ತಾಳೆ, ಅದೇ ಬಾಯಿಪಾಠ ಆಗೋಗೈತೆ" ಎಂದರು. ಸರಿ, ಹಾಗೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಮಗು ಬಲಗೈಯಿಂದ ತನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಿತು.

"ಬೆರಳು ನೋವಾಯ್ತು" ಎಂದಿತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಪ್ಪಾಜಿ ಪೂಜೆಯ ನಡುವೆ ಮಾತಾಡುವವರಲ್ಲ. ಅಂದು ಮಾತಾಡಿದರು. "ಏನಮ್ಮಾ ಇದು?" ಎಂದರು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ. ಅವ್ವನ ಬೆರಳು ಬಿಡಿಸಿದ್ದು, ಹತ್ತು ನಿಮಿಷ ಎಂದಿದ್ದು, ಕಳೆದವಳು ನಾನೇ ಎಂಬುದು. ಗೌರಮ್ಮ ಎದುರಿಗಿದ್ದರೆಂಬ ನಾಚಿಕೆಯೂ ಇರಲಿಲ್ಲ. ಚಿಕ್ಕ ಹುಡುಗಿಯ ಹಾಗೆ ಬಿಕ್ಕಿಬಿಕ್ಕಿ ಅತ್ತೆ.

ಅಪ್ಪಾಜಿ ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ತಮ್ಮ ಅಂಗೈಯಲ್ಲಿದ್ದ ಲಿಂಗವನ್ನು ತೆಗೆದು ಚಿನ್ನಿಯ ಅಂಗೈಯಲ್ಲಿಟ್ಟರು. ನಮ್ಮವರಿಗೆ ಇದರ ಅರ್ಥ ಗೊತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಆಗದ ಮಾತು. ಸ್ವಂತ ಮೊಮ್ಮಕ್ಕಳು, ನನ್ನ ತಮ್ಮನ ಮಕ್ಕಳು, ಕರಡಿಗೆ ಮುಟ್ಟಲು ಬಂದರೆ ಗದರಿಸಿ ಓಡಿಸಿದವರು ಅವರು. ಒಂದು ಗಳಿಗೆ ಸುಮ್ಮನೆ ಕೂರದ ಆ ಮಗು ಲಿಂಗವನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಅಲ್ಲಾಡದೆ ನೋಡಿತು. ಆಮೇಲೆ "ಸಾಕು" ಎಂದು ಅಪ್ಪಾಜಿಗೆ ವಾಪಸು ಕೊಟ್ಟು, ಎದ್ದು ಬಂದು ನನ್ನ ಕೆನ್ನೆ ಒರೆಸಿ, ಉಪ್ಪಿಟ್ಟು ಬೇಕು ಎಂದಿತು. ಎರಡು ಸಲ ಹಾಕಿಸಿಕೊಂಡು ತಿಂದಿತು.

ಸಂಜೆ ಅಪ್ಪಾಜಿ ತಾವಾಗಿಯೇ ಮಾತು ತೆಗೆದರು. "ಆ ಮಗು ನಿಮ್ಮವ್ವ ಅಲ್ಲ, ತಿಳ್ಕೋ. ನಿಮ್ಮವ್ವ ಐಕ್ಯ ಆಗಿದಾಳೆ."

"ಮತ್ಯಾಕೆ ಕೊಟ್ರಿ ಅಪ್ಪಾಜಿ?"

"ಕೇಳ್ತು, ಕೊಟ್ಟೆ" ಎಂದು ಟಿವಿ ಹಾಕಿದರು. ಆಸ್ಪತ್ರೆಯವರಿಗೆ ಶಾಪ ಹಾಕುವುದು ಅಂದಿಗೆ ನಿಂತಿತು. ಈಗ ಊಟ ಪೂರ್ತಿ ಮಾಡುತ್ತಾರೆ, ಉಪ್ಪು ಕಡಿಮೆಯಾಯಿತೆಂದು ಮೊದಲಿನ ಹಾಗೆ ನನ್ನ ಮೇಲೆ ರೇಗುತ್ತಾರೆ. ನನಗೂ ನಿದ್ದೆ ಚೆನ್ನಾಗಿ ಬರುತ್ತಿದೆ.

ಚಿನ್ನಿಗೆ ಈಗ ಏಳು ವರ್ಷ. ಆ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಒಂದು ದಿನ ಧೈರ್ಯ ಮಾಡಿ ನಿನಗೆ ಜ್ಞಾಪಕ ಇದೆಯಾ ಎಂದು ಕೇಳಿದೆ. "ಏನ್ ಆಂಟಿ?" ಎಂದಳು. ಏನಿಲ್ಲ, ಹೋಮ್‌ವರ್ಕ್ ಮಾಡು ಎಂದೆ. ಇದೆ ಎಂದರೂ ನನಗೆ ಕಷ್ಟ, ಇಲ್ಲ ಎಂದರೂ ಕಷ್ಟ. ಹತ್ತು ನಿಮಿಷ ಎಂಬ ಮಾತು ಮೊಬೈಲಿನದು ಎಂದು ನಾನೂ ಒಪ್ಪುತ್ತೇನೆ. ಮಕ್ಕಳು ಕಂಡದ್ದನ್ನು ಅನುಕರಿಸುತ್ತಾರೆ ಎಂದು ಅಪ್ಪಾಜಿಯ ಹಾಗೆ ಕೈ ಚಾಚಿದ್ದನ್ನೂ ಒಪ್ಪುತ್ತೇನೆ. ಆದರೆ ಆ ಬೆರಳುಗಳ ನೋವು ಅವ್ವನಿಗೂ ನನಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಬಂದರೆ ನನ್ನ ವಿಜ್ಞಾನ ನಿಂತುಬಿಡುತ್ತದೆ.

ಅಪ್ಪಾಜಿಗೆ ಎಂಬತ್ತೆಂಟು ತುಂಬಿತು. ಹೋದ ವಾರ ಪೂಜೆ ಮುಗಿಸಿ ಕರಡಿಗೆ ಮುಚ್ಚುತ್ತ ನನ್ನನ್ನು ಕರೆದರು. "ನನ್ನ ಕಾಲ ಬಂದಾಗ ಇದನ್ನ ನನ್ನ ಕೈಯಾಗೆ ಇಡೋಳು ನೀನೇ. ನಿನ್ನ ತಮ್ಮ ಅಲ್ಲ, ಅಯ್ಯನೋರೂ ಅಲ್ಲ. ಆಯ್ತಾ?"

ಆಯ್ತು ಅಪ್ಪಾಜಿ ಎಂದು ಕರಡಿಗೆಯ ದಾರವನ್ನು ಅವರ ಕೊರಳಿಗೆ ಹಾಕಿದೆ.